ಗುಬ್ಬಿ ಇಳಿಯುವ ತನಕ ಫ್ಯಾನು ಹಚ್ಚಬಾರದು

ಮಕ್ಕಳೇ, ನಿನ್ನೆ ನೀವು ಹೊಸ ಫ್ಯಾನಿನ ಡಬ್ಬಿ ಬಿಚ್ಚಿದಾಗ ಎಣ್ಣೆ, ರಟ್ಟು, ಬಣ್ಣ ಕೂಡಿದ ವಾಸನೆಯೊಂದು ಬಂತಲ್ಲ, ಅದಕ್ಕೆ ನಾನು ಒಬ್ಬಳೇ ನಕ್ಕೆ. ಅಜ್ಜಿಗೆ ಅರಳುಮರಳು ಎಂದು ನೀವು ಮುಖ ಮುಖ ನೋಡಿಕೊಂಡಿರಿ. ಇರಬಹುದು. ಆದರೆ ನಕ್ಕಿದ್ದು ನಿಮ್ಮ ಅಜ್ಜನನ್ನು ನೆನೆಸಿಕೊಂಡು.

ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜ ಕೊಲ್ಹಾಪುರದಲ್ಲಿ ಫ್ಯಾನು ಕೊಂಡು, ಎಸ್‌ಟಿ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಗಡಹಿಂಗ್ಲಜಕ್ಕೆ ತಂದರು. ನಮ್ಮ ಓಣಿಗೆ ಅದೇ ಮೊದಲನೆಯದು. ತೂಗುಹಾಕಿದ್ದಾಯಿತು. ತಂತಿ ಜೋಡಿಸುವವನು ನಾಳೆ ಬರುತ್ತೇನೆಂದು ಹೋದವನು ವಾರ ಬಿಟ್ಟು ಬಂದು ಜೋಡಿಸಿದ. ಅಷ್ಟರಲ್ಲಿ ಫ್ಯಾನಿನ ಮೇಲಿನ ಬಟ್ಟಲಲ್ಲಿ ಗುಬ್ಬಿ ಸಂಸಾರ ಹೂಡಿತ್ತು.

ಪಾಪ, ಅದಾದರೂ ಎಲ್ಲಿಗೆ ಹೋಗಬೇಕು? ಆಗ ಎಲ್ಲರೂ ಕಬ್ಬು ಹಚ್ಚಿದರು; ನೆರಳು ಬೀಳುತ್ತದೆಂದು ಬದುವಿನ ಬೇವು, ಜಾಲಿ ಕಡಿದರು. ನಮ್ಮ ಬೇವನ್ನು ಕಡಿಸಿದವರು ಅಜ್ಜನೇ. ಓಣಿಯ ಮಣ್ಣಿನ ಗೋಡೆಗಳಿಗೂ ಸಿಮೆಂಟು ಬಂತು.

ನಮ್ಮ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮಗನೆದುರು ನಿಂತರು. "ಗಿಡಾ ಕಡಿಸಿದಿ, ಗ್ವಾಡಿ ತೂತಾ ಮುಚ್ಚಿಸಿದಿ. ಇನ್ನ ಬಸರಿನ್ನ ಗರಗರ ತಿರಗಸ್ತೀಯೇನೋ?"

"ಅವ್ವಾ, ಅದು ಗುಬ್ಬಿ!"

"ನನಗ ಕಣ್ಣ ಕಾಣಸ್ತಾವ."

ಅಂದೇ ಬಸದಿಗೆ ಹೋಗಿ ನೇಮ ತೆಗೆದುಕೊಂಡರು: ಗುಬ್ಬಿ ಇಳಿಯುವ ಮೊದಲು ಯಾರಾದರೂ ಬಟನ್ ಒತ್ತಿದರೆ ತಾವು ಸಾಯುವ ತನಕ ತುಪ್ಪ ಮುಟ್ಟುವುದಿಲ್ಲ. ತುಪ್ಪವಿಲ್ಲದ ಅತ್ತೆಯ ಸಿಟ್ಟನ್ನು ನೆನೆಸಿಯೇ ನಾವೆಲ್ಲ ಬೆವೆತೆವು.

ಬೇಸಿಗೆಯಲ್ಲಿ ಜನ ಫ್ಯಾನು ನೋಡಲು ಬಂದರು. ಅಜ್ಜ ಅದರ ಕೆಳಗೆ ಕುರ್ಚಿಯಲ್ಲಿ ಕೂತರೆ, ನಾನು ಬಾಗಿಲ ಮರೆಯಿಂದ ಬೀಸಣಿಕೆ ಬೀಸುತ್ತಿದ್ದೆ. ನೆರೆಯ ಮರಾಠಿ ಕಾಕಾ ಕರೆಂಟು ಹೋಗಿದೆಯೆಂದು ತಿಳಿದು, "ಕಾಯ್ ಹೋ, ಲೈಟ್ ಗೇಲೀ ಕಾ?" ಎಂದರು.

"ಹೋ, ಗೇಲೀ," ಎಂದು ಹೌದೆನ್ನುವಂತೆ ತಲೆಯಾಡಿಸಿದರು ಅಜ್ಜ. ಪಕ್ಕದಲ್ಲೇ ಬಲ್ಬು ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲಿಲ್ಲದಾಗ ಅಜ್ಜ ಬಟನ್ನಿನ ಮೇಲೆ ಬೆರಳಿಟ್ಟೇ ಬಿಟ್ಟರು. ಅವರೆದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಅಂದು ಹೇಗೋ ಹೊರಟಿತು: "ರೀ, ಮರಿ ಅದಾವ್ರೀ!"

ಅವರು ತಲೆಯೆತ್ತಿದರು. ಬಟ್ಟಲಿನಿಂದ ಬೋಳು ಮರಿಯೊಂದು ಜಾರಿ ಅವರ ಹೆಗಲ ಮೇಲಿನ ಟವೆಲ್ಲಿಗೆ ಬಿತ್ತು.

"ಅಯ್ಯ, ಇದರ ಮೈಮ್ಯಾಲ ಅಂಗೀನೂ ಇಲ್ಲಲ್ಲ!" ಎಂದವರೇ ಟೇಬಲ್ ಹತ್ತಿ ಅದನ್ನು ಗೂಡಿನಲ್ಲಿಟ್ಟು, ಇಳಿದು ಬಂದು ಬಟನ್ನಿಗೆ ಪಟ್ಟಿ ಅಂಟಿಸಿದರು. ಮುಂದೆ ತಾಯಿಗಿಂತ ಮಗನ ಕಾಟವೇ ಹೆಚ್ಚಾಯಿತು. ಬಂದವರಿಗೆಲ್ಲ, "ಸಾವಕಾಶ ಮಾತಾಡ್ರಿ, ಹುಡುಗ್ರು ಮಲಗ್ಯಾವ."

ಆ ಮರಿಗಳು ಹಾರಿದವು. ತಾಯಿ ಮತ್ತೆ ಮೊಟ್ಟೆಯಿಟ್ಟಳು. ಮಳೆಗಾಲದಲ್ಲಿ ಇನ್ನೊಮ್ಮೆ. ಗೂಡು ಬರಿದಾದಾಗ ಚಳಿ ಬಿದ್ದಿತ್ತು. ಅಜ್ಜ ಚಾದರ ಹೊದ್ದು ಕೂತು ಫ್ಯಾನು ಹಚ್ಚಿಸಿದರು. ಹುಲ್ಲು, ಪುಕ್ಕ, ಹಿಕ್ಕೆ ಅವರ ತಲೆಗೆ ಅಕ್ಷತೆಯಂತೆ ಬಿದ್ದವು.

"ಹ್ಯಾಂಗೈತೋ ಗಾಳಿ?" ಎಂದರು ಅತ್ತೆ.

"ಭಾ... ಭಾಳ ಛಲೋ ಐತಿ," ಎಂದರು, ಹಲ್ಲು ಕಟಕಟ ಅನ್ನುತ್ತಿದ್ದವು.

ಮರುವರ್ಷ ಎರಡು ಸಾಲು ಕಬ್ಬು ಬಿಟ್ಟು ಬದುವಿನ ಮೇಲೆ ಬೇವಿನ ಸಸಿ ಹಚ್ಚಿದರು. "ಗುಬ್ಬಿ ಸಲುವಾಗಿ ಅಲ್ಲ, ನನ್ನ ಫ್ಯಾನಿನ ಸಲುವಾಗಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು.

ಈಗ ಗುಬ್ಬಿ ಕಂಡರೆ ಕೈಮುಗಿಯುವಷ್ಟು ಅಪರೂಪ. ಹೀಗಿರಲು ಇಂದು ಬೆಳಿಗ್ಗೆ ಪಡಸಾಲೆಯ ಮೊಳೆಗೆ ತೂಗುಬಿಟ್ಟ ದೊಡ್ಡವನ ಹೆಲ್ಮೆಟ್ಟಿನಲ್ಲಿ ಎರಡು ಗುಬ್ಬಿ ಹುಲ್ಲಿನ ಎಳೆ ತಂದಿಟ್ಟಿವೆ. ಬಾಯಿಬಿಟ್ಟು ಹೇಳಲು ನನಗೆ ಇಂದಿಗೂ ಸಂಕೋಚ, ಅದಕ್ಕೇ ಇಷ್ಟುದ್ದ ಬರೆದೆ. ಹೆಲ್ಮೆಟ್ಟಿಲ್ಲದೆ ಗಾಡಿ ಓಡಿಸಬಾರದೆಂದು ನೀವೇ ಹೇಳುತ್ತೀರಿ. ಗಾಡಿಯ ಕೀಲಿ ನನ್ನ ಸೊಂಟದಲ್ಲಿದೆ. ಎಸ್‌ಟಿ ಬಸ್ಸು ಎಂಟೂವರೆಗೆ.