ಹಾಲಸ್ವಾಮಿಯ ಮಾತು ಹೊತ್ತ ಟ್ರಾನ್ಸಿಸ್ಟರ್

ಜೇಬಿನಲ್ಲಿ ನೇಲ್ ಪಾಲಿಷ್ ರಿಮೂವರ್ ಇಟ್ಟುಕೊಂಡು ಯುದ್ಧಕ್ಕೆ ಹೊರಡುವ ವೀರರು ಲೋಕದಲ್ಲಿ ಎಷ್ಟು ಮಂದಿಯೋ ತಿಳಿಯದು. ದಾವಣಗೆರೆಯಲ್ಲಂತೂ ಒಬ್ಬರೇ: ನಿಜಲಿಂಗಪ್ಪ ಬಡಾವಣೆಯ ನಾಗಭೂಷಣ್. ಅವರು ಮಂಡಿಪೇಟೆಯ ಮೂಲೆ ತಿರುಗುವ ಮೊದಲೇ ಆ ದ್ರವದ ವಾಸನೆ ಮುಂದೆ ಬಂದು ಬಹುಪರಾಕ್ ಹೇಳುತ್ತಿತ್ತೆಂದೂ, ಅದಕ್ಕೆ ರೇಡಿಯೋ ಬಿಡಿಭಾಗಗಳ ಅಂಗಡಿಯ ಡಬ್ಬಿಗಳಲ್ಲಿ ಮಲಗಿದ್ದ ಖೋಟಾ ಟ್ರಾನ್ಸಿಸ್ಟರುಗಳು ಬೆವರುತ್ತಿದ್ದವೆಂದೂ, ಒಬ್ಬ ವ್ಯಾಪಾರಿ ಹೊತ್ತಲ್ಲದ ಹೊತ್ತಿನಲ್ಲಿ ಊಟಕ್ಕೆಂದು ಎದ್ದುಹೋದವನು ವಾರವಾದರೂ ತಿರುಗಿ ಬರಲಿಲ್ಲವೆಂದೂ ಪೇಟೆಯಲ್ಲಿ ಪ್ರತೀತಿ. ಮನೆಯಲ್ಲಿ ಮಾತ್ರ ಈ ಅಸ್ತ್ರಕ್ಕೆ ಅಷ್ಟು ಗೌರವವಿರಲಿಲ್ಲ. ಅಂಗಿ ಒಗೆಯುವಾಗ ಬಾಟಲಿ ಸಿಕ್ಕಿದ ದಿನ ಹೆಂಡತಿ ಕೇಳಿದ್ದು ಒಂದೇ ಮಾತು: “ಯಾರ ಉಗುರು ಒರ್ಸಾಕ ಹೊಂಟೀರಿ?”

ಅಸ್ತ್ರಪ್ರಯೋಗ ಸರಳ. ಹತ್ತಿಯನ್ನು ಅದ್ದಿ ಟ್ರಾನ್ಸಿಸ್ಟರಿನ ನೆತ್ತಿಗೆ ಒರೆಸಬೇಕು. ಅಸಲಿಯಾದರೆ ನಂಬರು ಅಲುಗದೆ ನಿಲ್ಲುತ್ತದೆ. ನಕಲಿಯಾದರೆ ಬಳಿದ ಬಣ್ಣ, ಹೊಡೆದ ಅಚ್ಚು ಎಲ್ಲ ಹತ್ತಿಗೆ ಬಂದು, ಕೆಳಗಿದ್ದ ಯಾವುದೋ ಬಡಪಾಯಿ ಬಿಡಿಭಾಗ ನಾಚಿಕೊಂಡು ಮುಖ ತೋರಿಸುತ್ತದೆ.

“ಅರೇ ನಾಗಭೂಷಣ್ ಸಾಬ್, ಬಾಟ್ಲಿ ಒಳಗಿಡ್ರಿ. ಗಿರಾಕಿಗಳು ಬ್ಯೂಟಿ ಪಾರ್ಲರ್ ಅನ್ಕೊಂತಾರೆ,” ಎಂದರು ಅಂಗಡಿಯ ಅಬ್ದುಲ್ ರಹೀಮ್. “ಈ ಸಲ ಅಸ್ಲಿ ಮಾಲು. ನಿಮ್ಮಾಣೆ.”

“ನನ್ನಾಣೆ ಬ್ಯಾಡ ಮಾರಾಯ. ಹೋದ ಸಲ ನೀನು ಆಣೆ ಇಟ್ಟ ಮ್ಯಾಲೆ ಜ್ವರ ಬಂದು ಮಲಗಿದ್ದೆ.”

ಒರೆಸಿದರು. ನಂಬರು ಹತ್ತಿಗೆ ಬಂತು. ರಹೀಮರ ಮುಖ ಸಣ್ಣಗಾಯಿತು. ಅವರೂ ಮಾಲು ಕಳಿಸಿದವನನ್ನು ನಂಬಿ ಕೆಟ್ಟವರೇ. “ಅಸ್ಲಿ ತಯಾರು ಮಾಡೋದನ್ನೇ ನಿಲ್ಲಿಸಿ ಜಮಾನಾ ಆತು ಸಾಬ್. ನಾನು ಎಲ್ಲಿಂದ ತರ್ಲಿ?”

ಇಷ್ಟೆಲ್ಲ ಸಮರ ನಡೆದಿದ್ದು ಹರಿಹರದ ಒಂದು ಹಳೆಯ ವೈರ್‌ಲೆಸ್ ಸೆಟ್ಟಿಗಾಗಿ, ಅದರ ಮುಂದೆ ಕೂರುವ ಗೆಳೆಯ ಹಾಲಸ್ವಾಮಿಗಾಗಿ. ಇಬ್ಬರೂ ಪ್ರಾಯದಲ್ಲಿ ಪರೀಕ್ಷೆ ಬರೆದು ಹವ್ಯಾಸಿಗಳ ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದವರು. ಸಂಜೆಯಾದರೆ ಮಾಳಿಗೆಯ ಆಂಟೆನಾಗಳ ಮೂಲಕ ಆ ಊರಿಂದ ಈ ಊರಿಗೆ ಹರಟೆ.

ಹಾಲಸ್ವಾಮಿಗೆ ಉಗ್ಗು. ಸಾಧಾರಣ ಉಗ್ಗಲ್ಲ, ಒಂದು ಅಕ್ಷರದ ಬಾಗಿಲಲ್ಲಿ ಅವರು ನಿಂತರೆ ಒಳಗಿನಿಂದ ಚಿಲಕ ಹಾಕಿದಂತೆ. ಫೋನಿನಲ್ಲಿ “ನಾ... ನಾ...” ಎನ್ನುವಷ್ಟರಲ್ಲಿ ಆಚೆಯವರು “ಹಲೋ, ನೆಟ್‌ವರ್ಕ್ ಇಲ್ಲ” ಎಂದು ಇಟ್ಟುಬಿಡುವರು. ಮನೆಯಲ್ಲಿ ಹೆಂಡತಿ ನಾಗರತ್ನಮ್ಮ ಪ್ರೀತಿಯಿಂದಲೇ ಅವರ ವಾಕ್ಯಗಳನ್ನೆಲ್ಲ ತಾವೇ ಮುಗಿಸಿಕೊಡುವರು. ಒಮ್ಮೆ “ಉಪ್... ಉಪ್...” ಎಂದು ಉಪ್ಪು ಕೇಳಿದವರಿಗೆ ಉಪ್ಪಿಟ್ಟು ಕೆದಕಿ ತಂದಿಟ್ಟಿದ್ದರು. ಹಾಲಸ್ವಾಮಿ ಉಪ್ಪಿಲ್ಲದ ಸಾರಿನ ಜೊತೆ ಅದನ್ನೂ ತಿಂದರು.

ಸೆಟ್ಟಿನಲ್ಲಿ ಹಾಗಲ್ಲ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಗಾಳಿಯೆಲ್ಲ ಅವರದೇ. ಆಚೆಯವನು ಅರಚಿಕೊಂಡರೂ ಈಚೆಗೆ ಕೇಳದು. ಹಾಲಸ್ವಾಮಿ ಪ್ರತಿ ಅಕ್ಷರದ ಬಾಗಿಲಲ್ಲೂ ಬೇಕಾದಷ್ಟು ಕಾದು, ಚಿಲಕ ತೆಗೆಸಿ, ಒಳಹೊಕ್ಕು, ವಾಕ್ಯ ಮುಗಿಸಿ, ಕೊನೆಗೆ ಒಂದಿಷ್ಟೂ ತಡವರಿಸದೆ “ಓವರ್” ಅನ್ನುತ್ತಿದ್ದರು. ಇಡೀ ದಿನದಲ್ಲಿ ಅವರ ಮಾತು ಅವರ ಬಾಯಲ್ಲೇ ಮುಗಿಯುತ್ತಿದ್ದುದು ಅಲ್ಲಿ ಮಾತ್ರ.

ವಿಧಿಯ ಕುಚೋದ್ಯ ಇರುವುದೂ ಅಲ್ಲೇ. ಮಾತನ್ನು ಹೆಗಲಿಗೆ ಹೊತ್ತು ಆಂಟೆನಾದಿಂದಾಚೆ ಎಸೆಯುವ ಜಟ್ಟಿಯೇ ಆ ಪವರ್ ಟ್ರಾನ್ಸಿಸ್ಟರ್. ಗುಂಡಿ ಒತ್ತಿದಷ್ಟು ಹೊತ್ತೂ ಅದು ಬಿಸಿಯೇರುತ್ತಲೇ ಇರುತ್ತದೆ. ಉಳಿದವರು ಎರಡು ಮಾತಾಡಿ ಗುಂಡಿ ಬಿಡುತ್ತಾರೆ, ಜಟ್ಟಿ ಉಸಿರಾಡುತ್ತಾನೆ. ಹಾಲಸ್ವಾಮಿಯ ಕೈಯಲ್ಲಿ ಅವನು ನಿಂತಲ್ಲೇ ಬೆಂದುಹೋಗುತ್ತಿದ್ದ. ನಾಗಭೂಷಣ್ ಹಳೆಯ ಕಂಪ್ಯೂಟರಿನ ಫ್ಯಾನು ತಂದು ಸೆಟ್ಟಿನ ಬೆನ್ನಿಗೆ ಕಟ್ಟಿದರು. ಪವರ್ ಇಳಿಸಿ ನೋಡಿದರು, ಮಾತು ದಾವಣಗೆರೆಗೆ ಮುಟ್ಟಲಿಲ್ಲ. ಚೀನಾದ ಪುಟ್ಟ ಕೈಸೆಟ್ಟಿನ ದನಿ ಹರಿಹರದ ಸೇತುವೆವರೆಗೆ ಹೋಗಿ ಸುಸ್ತಾಯಿತು. ಹೊಸ ದೊಡ್ಡ ಸೆಟ್ಟು ಇಬ್ಬರ ಕೈಗೂ ಎಟುಕುವಂಥದ್ದಲ್ಲ. “ಸ್ವಲ್ಪ ಕಡಿಮೆ ಮಾತಾಡು” ಎಂದರೆ ಎಲ್ಲವೂ ಸರಿಹೋಗುತ್ತಿತ್ತು. ಆ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತ ಬಂದವನಿಗೆ ಅದನ್ನೇ ಹೇಳುವುದು ಹೇಗೆ?

ಈ ಸಲ ಸೆಟ್ಟು ಸತ್ತ ಮೇಲೆ ಹಾಲಸ್ವಾಮಿ ಮನೆಯಲ್ಲಿ ಕೈಸನ್ನೆಗೆ ಇಳಿದಿದ್ದರು. “ನಾಗಭೂಷಣಣ್ಣ, ಇವ್ರು ಬಾಯಿ ಬಿಟ್ಟು ವಾರದ ಮ್ಯಾಲಾತು. ಹೆಂಗಾರ ಮಾಡ್ರಿ,” ಎಂದು ನಾಗರತ್ನಮ್ಮ ಫೋನಿನಲ್ಲಿ ಅತ್ತರು.

ಮಂಡಿಪೇಟೆಯಿಂದ ಬರಿಗೈಲಿ ಬಂದ ನಾಗಭೂಷಣ್ ತಮ್ಮ ಸೆಟ್ಟಿನ ಮುಂದೆ ಕೂತರು. ಅಸಲಿ ಟ್ರಾನ್ಸಿಸ್ಟರ್ ಜಿಲ್ಲೆಯಲ್ಲಿ ಒಂದಾದರೂ ಉಳಿದಿದ್ದರೆ ಅದು ಆ ಸೆಟ್ಟಿನ ಒಳಗೇ ಇತ್ತು. ಸ್ಕ್ರೂ ಬಿಚ್ಚಿದರು. ಅದನ್ನು ಕಿತ್ತರೆ ತಮ್ಮ ಸೆಟ್ಟು ಕೇಳುತ್ತದೆ, ಮಾತಾಡುವುದಿಲ್ಲ. ಆದರೂ ಕಿತ್ತು, ಬಸ್ಸು ಹತ್ತಿ, ಹರಿಹರದ ಸೆಟ್ಟಿಗೆ ಬೆಸೆದರು.

“ನನ್ ಸೆಟ್ಟು ಇನ್ನು ಮೂಕಾತು. ನೀ ಮಾತಾಡು, ನಾ ಕೇಳ್ತೀನಿ,” ಎಂದರು. ಹಾಲಸ್ವಾಮಿ ಏನೋ ಹೇಳಹೊರಟು ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದರು. ನಾಗರತ್ನಮ್ಮ “ಬ್ಯಾಡ ಅಂತಾರೆ ಅಣ್ಣ” ಎಂದು ಮುಗಿಸಿದರು. ಹಾಲಸ್ವಾಮಿ ಜೋರಾಗಿ ತಲೆಯಾಡಿಸಿದರು. ಬೇಡ ಎಂದೋ, ತಾನು ಹೇಳಹೊರಟಿದ್ದು ಅದಲ್ಲ ಎಂದೋ ತಿಳಿಯಲಿಲ್ಲ. ಬಾಗಿಲು ದಾಟುವಾಗ ನಾಗಭೂಷಣ್ ತಿರುಗಿ, “ನಡುನಡುವೆ ಗುಂಡಿ...” ಎಂದು ಶುರುಮಾಡಿ, ಗೆಳೆಯನ ಮುಖ ನೋಡಿ, “ಗುಂಡಿ ಧೂಳು ಒರ್ಸಿಕ್ಯಂತಿರು” ಎಂದು ಮುಗಿಸಿದರು.

ಸಂಜೆ “ಇ... ಇವತ್ತು ಬೆಳಿಗ್ಗೆ...” ಎಂದು ದಾವಣಗೆರೆಯ ಸೆಟ್ಟಿನಲ್ಲಿ ದನಿ ಶುರುವಾಯಿತು. ದಿನಗಟ್ಟಲೆ ಒಳಗೆ ಕಟ್ಟಿಕೊಂಡಿದ್ದ ಮಾತು ಸಾವಕಾಶವಾಗಿ ಹೊರಬರತೊಡಗಿತು. ಸ್ವಲ್ಪ ಹೊತ್ತಿಗೆ ದನಿಯ ಅಂಚಿಗೆ ಹಿಸ್ಸೆನ್ನುವ ಸದ್ದು ಹತ್ತಿತು. ಅಲ್ಲಿ ಬಿಸಿ ಏರುತ್ತಿದೆ ಎಂದು ನಾಗಭೂಷಣರಿಗೆ ಗೊತ್ತಾಯಿತು. ಮೊಬೈಲ್ ತೆಗೆದು ನಾಗರತ್ನಮ್ಮನ ನಂಬರು ಹುಡುಕಿದರು. ಒಂದು ಸಲ ರಿಂಗಾದರೆ ಸಾಕು, ಆಯಮ್ಮ ಓಡಿಹೋಗಿ ಗಂಡನ ಕೈ ಹಿಡಿಯುತ್ತಾಳೆ, ಮಾತು ನಡುವೆ ಕತ್ತರಿಸುತ್ತಾಳೆ. ಹೆಬ್ಬೆರಳು ಹಸಿರು ಗುರುತಿನ ಮೇಲೆಯೇ ನಿಂತಿತು. ಹಾಲಸ್ವಾಮಿ ಯಾವುದೋ ಅಕ್ಷರದ ಬಾಗಿಲಲ್ಲಿ ಕಾಯುತ್ತಿದ್ದರು. ನಾಗಭೂಷಣ್ ಫೋನು ಕೆಳಗಿಟ್ಟರು. ದನಿ ತೆಳ್ಳಗಾಗುತ್ತ ಹೋಯಿತು. ಆಮೇಲೆ ಹಿಸ್ ಒಂದೇ ಉಳಿಯಿತು. “ಓವರ್” ಬರಲಿಲ್ಲ.

ಮರುದಿನ ನಾಗರತ್ನಮ್ಮನ ಫೋನು: “ಸೆಟ್ಟು ಮತ್ತ ಹೋಗೈತಣ್ಣ. ಪೂರ್ತಿ ಕೇಳಿಸ್ತಾ ಅಂತ ಚೀಟಿ ಬರ್ದು ತೋರಿಸ್ತಿದಾರೆ.”

“ಪೂರ್ತಿ ಕೇಳಿಸ್ತು ಅಂತ ಹೇಳಮ್ಮ.”

ಇದೆಲ್ಲ ರಹೀಮರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಚಹಾ ಮರೆತರು. “ಯಾ ಅಲ್ಲಾ! ಸ್ವಂತ ಸೆಟ್ಟಿನ ಜೀವ ಕಿತ್ತು ಕೊಟ್ರಿ, ಅದು ಸುಡೋದು ಕೇಳ್ತಾ ಕೂತ್ರಿ. ಅಂಥಾ ಏನು ಮಾತಾಡ್ತಿದ್ರು ಸಾಬ್, ಆ ಮನುಷ್ಯ?”

“ಅವ್ನ ಮನಿ ನಲ್ಲಿ ಸೋರ್ತಿತ್ತಂತೆ. ವಾಷರ್ ತರಾಕ ಹೋಗಿದ್ನಂತೆ. ಸಿಕ್ತೋ ಇಲ್ಲೋ ಕೇಳಿಸ್ಲಿಲ್ಲ.”