ಇಳಿಜಾರಿಗೆ ಮುಂಚೆ ಐಲ್ಸಾ ಒಮ್ಮೆ ಮುಟ್ಟಿ ನೋಡಬೇಕು

ನಿಮಿಟಿಬೆಲ್ ಊರಿನಲ್ಲಿ ಜುಲೈ ಎಂದರೆ ನಡುಚಳಿಗಾಲ. ಬೆಳಗು ಏಳು ಗಂಟೆ. ಚಳಿ ಸೊನ್ನೆಗಿಂತ ಐದು ಡಿಗ್ರಿ ಕೆಳಗಿದೆ. ಹೆದ್ದಾರಿ ಅಂಚಿನ ತಗಡಿನ ಶೆಡ್ಡಿನ ಮುಂದೆ ಕಾರಿನ ಹಿಂದೆ ಕೊಂಡಿ ಹಾಕಿದ ಒಂದು ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ನಿಂತಿದೆ. ಅದರ ಅಡಿಯಿಂದ ಎರಡು ಬೂಟುಗಳಷ್ಟೇ ಹೊರಗೆ ಕಾಣುತ್ತಿವೆ. ಬೂಟು ತೊಟ್ಟವರು ಅರವತ್ತೊಂದು ವರ್ಷದ ಐಲ್ಸಾ ಪೆಂಡರ್. ಹಳೆಯ ಕಾರ್ಪೆಟ್ ತುಂಡಿನ ಮೇಲೆ ಅಂಗಾತ ಮಲಗಿ, ಕೈಗವಸು ಕಳಚಿ, ಬರಿಯ ಅಂಗೈಯನ್ನು ಚಕ್ರದ ಬ್ರೇಕ್ ಡ್ರಮ್ಮಿಗೆ ಒತ್ತಿ ಹಿಡಿದಿದ್ದಾರೆ.

"ಈಗ ಒತ್ತಿ," ಎಂದು ಕೂಗುತ್ತಾರೆ.

ಕಾರಿನೊಳಗೆ ಕೂತ ರಾಸ್ ಹ್ಯಾವ್‌ಲಾಕ್, ಸ್ಟಿಯರಿಂಗ್ ಕೆಳಗಿನ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ. ಅದು ಬ್ರೇಕ್ ಕಂಟ್ರೋಲರ್. ಹಿಂದಿನ ಗಾಡಿಯ ಚಕ್ರಗಳಿಗೆ ಕರೆಂಟು ಕಳಿಸುವುದು ಅದರ ಕೆಲಸ. ಕರೆಂಟು ಬಂದರೆ ಡ್ರಮ್ಮಿನೊಳಗಿನ ಮ್ಯಾಗ್ನೆಟ್ ಎಳೆಯುತ್ತದೆ, ಬ್ರೇಕು ಹಿಡಿಯುತ್ತದೆ. ಎಳೆಯುವಾಗ ಡ್ರಮ್ಮು ಸಣ್ಣಗೆ ಗುಂಯ್‌ಗುಡುತ್ತದೆ. ಕುರಿಯ ಉಣ್ಣೆ ಕತ್ತರಿಸುವ ಶೆಡ್ಡುಗಳ ಗದ್ದಲದಲ್ಲಿ ಹದಿನೆಂಟು ವರ್ಷ ದುಡಿದ ಐಲ್ಸಾ ಅವರ ಕಿವಿ ಮಂದವಾಗಿದೆ. ಹಾಗಾಗಿ ಆ ಸದ್ದನ್ನು ಅವರು ಅಂಗೈಯಲ್ಲೇ ಕೇಳುತ್ತಾರೆ.

"ಇನ್ನೊಂದ್ ಸಲ ಒತ್ತಿ."

"ಒತ್ತೇ ಇದೀನಿ ಕಣಮ್ಮ. ಹಸಿರು ದೀಪ ಉರೀತಿದೆ. ಎಲ್ಲ ಸರಿಯಾಗಿದೆ."

ಐಲ್ಸಾ ತೆವಳಿಕೊಂಡು ಹೊರಬರುತ್ತಾರೆ. ಕೂದಲಿಗೆ ಮೆತ್ತಿದ ಹಿಮದ ಪುಡಿಯನ್ನು ಒರೆಸಿಕೊಳ್ಳುವುದಿಲ್ಲ. "ದೀಪ ತಂತಿ ಸೇರಿದೆ ಅಂತ ಹೇಳುತ್ತೆ ಸ್ವಾಮಿ, ಅಷ್ಟೇ. ಚಕ್ರ ಹಿಡಿಯುತ್ತೆ ಅಂತ ಅದು ಯಾರಿಗೂ ಮಾತು ಕೊಟ್ಟಿಲ್ಲ."

ರಾಸ್ ದಂಪತಿ ಈ ಕ್ಯಾರವಾನನ್ನು ಕೊಂಡು ವಾರವಾಗಿದೆ, ಅದೂ ಬೇರೆಯವರು ಬಳಸಿದ್ದು. ಮಧ್ಯಾಹ್ನದೊಳಗೆ ಕಡಲ ತೀರ ಸೇರಿ, ಮಗಳು ಹೆತ್ತ ಹತ್ತು ದಿನದ ಕೂಸನ್ನು ನೋಡುವ ಆತುರ ಅವರಿಗಿದೆ. ನಡುವೆ ಇರುವುದು ಬ್ರೌನ್ ಮೌಂಟನ್ ಎಂಬ ಘಟ್ಟ. ಎತ್ತರದ ಮೊನೇರೊ ಬಯಲು ಅಲ್ಲಿ ಕಡಿದು ಬಿದ್ದಂತೆ ಕೊನೆಯಾಗುತ್ತದೆ. ರಸ್ತೆ ತಿರುವಿನ ಮೇಲೆ ತಿರುವು ಹಾಕಿ ಕೆಳಗಿಳಿಯುತ್ತದೆ. ಎರಡು ಟನ್ನಿನ ಗಾಡಿ ಹಿಂದಿನಿಂದ ತಳ್ಳತೊಡಗಿದರೆ ಕಾರಿನ ಬ್ರೇಕೊಂದೇ ಎಷ್ಟು ಹೊತ್ತು ತಡೆದೀತು?

ಐಲ್ಸಾ ಕರೆಂಟು ಅಳೆಯುವ ಮೀಟರು ಹಚ್ಚುತ್ತಾರೆ. ಒಂದೊಂದು ಮ್ಯಾಗ್ನೆಟ್ಟು ಮೂರು ಆಂಪಿಯರ್ ಎಳೆಯಬೇಕು, ನಾಲ್ಕು ಚಕ್ರಕ್ಕೆ ಸೇರಿ ಹನ್ನೆರಡು. ಮೀಟರು ತೋರಿಸುವುದು ನಾಲ್ಕೂವರೆ.

"ನೋಡಿ, ಮೂರಾಳು ಹೊರೋ ಮೂಟೆಗೆ ಒಬ್ಬನ್ನೇ ಕಳಿಸ್ದಂಗಿದೆ."

"ನಾನು ಮೂವತ್ತು ವರ್ಷದಿಂದ ಟ್ರೇಲರ್ ಎಳೆದೋನು," ಎನ್ನುತ್ತಾರೆ ರಾಸ್. "ಗೇರ್ ತಗ್ಗಿಸಿ ನಿಧಾನಕ್ಕೆ ಇಳಿಸ್ತೀನಿ, ಬಿಡಿ. ಈಗಲೇ ಹೊತ್ತಾಗಿದೆ."

ಆಗ ಪಕ್ಕದ ಬಾಗಿಲು ತೆರೆಯುತ್ತದೆ. ಅವರ ಹೆಂಡತಿ ಪೆಟ್ರಾ ಕಂಬಳಿ ಹೊದ್ದುಕೊಂಡೇ ಇಳಿಯುತ್ತಾರೆ. "ನೀನು ಇಳಿಸ್ಕೊಂಡು ಹೋಗು ರಾಸ್. ನಾನು ಬಸ್ಸಿಗೆ ಬರ್ತೀನಿ. ಮಗೂಗೆ ಅಜ್ಜಿನಾದ್ರೂ ಇರಲಿ."

ರಾಸ್ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾರೆ. ಐಲ್ಸಾ ನಗುವನ್ನು ನುಂಗಿಕೊಂಡು ಮತ್ತೆ ಕಾರ್ಪೆಟ್ ಮೇಲೆ ಮಲಗುತ್ತಾರೆ.

ಇಪ್ಪತ್ತಾರು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಐಲ್ಸಾ ತಮ್ಮ ಎರಡು ಕುದುರೆಗಳನ್ನು ಟ್ರೇಲರ್‌ನಲ್ಲಿ ಸಾಗಿಸುತ್ತಿದ್ದರು. ಹಿಂದಿನ ದಿನವಷ್ಟೇ ಟ್ರೇಲರಿನ ಬ್ರೇಕನ್ನು ಮೆಕ್ಯಾನಿಕ್ಕಿಗೆ ತೋರಿಸಿದ್ದರು. ಆದರೂ ಅದು ಹಿಡಿಯಲಿಲ್ಲ. ಮೂರನೆಯ ತಿರುವಿಗೆ ಕಾರಿನ ಬ್ರೇಕು ಕಾದು ವಾಸನೆ ಬಂತು, ಐದನೆಯದಕ್ಕೆ ಪೆಡಲು ನೆಲ ಮುಟ್ಟಿತು. ಕಣಿವೆಯ ಕಡೆ ಬಿಟ್ಟು ಗುಡ್ಡದ ಮಣ್ಣಿಗೇ ಗಾಡಿ ಗುದ್ದಿಸಿದರು. ಅವರ ಹೆಗಲ ಮೂಳೆ ಮುರಿಯಿತು. ಒಂದು ಕುದುರೆ ಉಳಿಯಿತು. ಬ್ರಯೊನಿ ಎಂಬ ಕಂದು ಹೆಣ್ಣು ಕುದುರೆ ಉಳಿಯಲಿಲ್ಲ.

"ಆ ಮೆಕ್ಯಾನಿಕ್ ಕೆಟ್ಟೋನಲ್ಲ," ಎನ್ನುತ್ತಾರೆ ಐಲ್ಸಾ. "ಅವನು ದೀಪ ನೋಡ್ದ. ನಾನೂ ದೀಪಾನೇ ನೋಡ್ದೆ. ಇಬ್ಬರಲ್ಲಿ ಒಬ್ಬರೂ ಬಗ್ಗಿ ನೋಡ್ಲಿಲ್ಲ."

ಮೂಳೆ ಕೂಡಿದ ಮೇಲೆ ಅವರು ಉಣ್ಣೆಯ ಶೆಡ್ಡಿಗೆ ಮರಳಲಿಲ್ಲ. ಹತ್ತಿರದ ಕೂಮಾ ಪಟ್ಟಣದಲ್ಲಿದ್ದ ಯಾಂಕೊ ಎಂಬ ಮುದುಕರ ಬಾಗಿಲು ತಟ್ಟಿದರು. ಸ್ನೋಯಿ ಬೆಟ್ಟಗಳ ಜಲವಿದ್ಯುತ್ ಕೆಲಸಕ್ಕೆಂದು ಯುರೋಪಿನಿಂದ ಬಂದು ಇಲ್ಲೇ ನೆಲೆನಿಂತ ಎಲೆಕ್ಟ್ರಿಷಿಯನ್ ಅವರು. ಮೊದಲ ಆರು ತಿಂಗಳು ಯಾಂಕೊ ಇವರ ಕೈಗೆ ಮೀಟರು ಕೊಡಲೇ ಇಲ್ಲ. ಕೊಟ್ಟದ್ದು ತುಕ್ಕು ಉಜ್ಜುವ ತಂತಿಯ ಬ್ರಷ್ಷು. "'ಮೊದಲು ಉಜ್ಜು, ಆಮೇಲೆ ಯೋಚಿಸು' ಅನ್ನೋರು. ಮನೇಗೆ ಹೋಗಿ ಅಳ್ತಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಹೋಗಿ ಉಜ್ತಿದ್ದೆ."

ಊರಿನ ಗಂಡಸರಿಗೆ ಆಗ ಇದು ತಮಾಷೆಯಾಗಿತ್ತು. ಉಣ್ಣೆ ಆರಿಸುವವಳಿಗೆ ಕರೆಂಟಿನ ಹುಚ್ಚು ಹಿಡಿದಿದೆ ಎಂದು ಪಬ್ಬಿನಲ್ಲಿ ಆಡಿಕೊಳ್ಳುತ್ತಿದ್ದರು. ಐಲ್ಸಾ ತಮ್ಮದೇ ಶೆಡ್ಡು ತೆರೆದ ಮೊದಲ ವರ್ಷ ಅದರ ಮುಂದೆ ನಿಂತ ಗಾಡಿಗಳು ಒಟ್ಟು ಹನ್ನೊಂದು. ಈಗ ಚಳಿಗಾಲದಲ್ಲೂ ದಿನಕ್ಕೆ ನಾಲ್ಕೈದು ಬರುತ್ತವೆ. ಶಾಲೆಗಳಿಗೆ ರಜೆ ಬಂತೆಂದರೆ ಹದಿನಾಲ್ಕು ದಾಟುತ್ತದೆ. ಕ್ಯಾರವಾನು, ದೋಣಿ ಹೊತ್ತ ಗಾಡಿ, ಕುದುರೆ ಸಾಗಿಸುವ ಟ್ರೇಲರುಗಳು ಊರ ಬೇಕರಿಯ ತನಕ ಸಾಲುಗಟ್ಟುತ್ತವೆ. ಹತ್ತು ಗಾಡಿಯಲ್ಲಿ ಆರರ ದೋಷ ಒಂದೇ, ಕರೆಂಟು ಮರಳಿ ಹೋಗುವ ಅರ್ಥ್ ತಂತಿ ಕೆಟ್ಟಿರುವುದು. "ಜನ ಸಾವಿರ ಡಾಲರಿನ ಹೊಸ ಕಂಟ್ರೋಲರ್ ಹಾಕಿಸ್ಕೊಂಡ್ ಬರ್ತಾರೆ. ತಪ್ಪು ನೋಡಿದ್ರೆ ಒಂದು ಬೋಲ್ಟಿಂದು."

ಇವತ್ತಿನದೂ ಅದೇ. ಕ್ಯಾರವಾನಿನ ಮೂತಿಯ ಹತ್ತಿರ ಯಾರೋ ಅರ್ಥ್ ತಂತಿಯನ್ನು ಬರಿ ಲೋಹಕ್ಕೆ ಕೂರಿಸದೆ ಬಣ್ಣದ ಮೇಲೆಯೇ ಬಿಗಿದು ಟೇಪು ಸುತ್ತಿದ್ದಾರೆ. ಒಳಗೆಲ್ಲ ಹಸಿರು ಕಿಲುಬು. ಐಲ್ಸಾ ಟೇಪು ಬಿಚ್ಚಿ, ರಾಸ್ ಅವರನ್ನು ಕರೆದು ತೋರಿಸುತ್ತಾರೆ. ರಾಸ್ ಮಂಡಿಯೂರಿ ನೋಡುತ್ತಾರೆ. ಐಲ್ಸಾ ತಂತಿಯನ್ನು ಕತ್ತರಿಸಿ, ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಬೋಲ್ಟು ಬಿಗಿಯುತ್ತಾರೆ. ನಲವತ್ತು ನಿಮಿಷ ಹಿಡಿಯುತ್ತದೆ. ಮೀಟರು ಹನ್ನೊಂದೂಮುಕ್ಕಾಲಿಗೆ ಏರುತ್ತದೆ.

ಆಮೇಲೆ ಊರಾಚೆಯ ಸಪಾಟು ರಸ್ತೆಯಲ್ಲಿ ಪರೀಕ್ಷೆ. ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಕಾರಿನ ಬ್ರೇಕು ಮುಟ್ಟದೆ ಕಂಟ್ರೋಲರಿನ ಗುಂಡಿಯೊಂದನ್ನೇ ಒತ್ತಬೇಕು. ರಾಸ್ ಒತ್ತುತ್ತಾರೆ. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದಂತೆ ಇಡೀ ಗಾಡಿ ನಿಲ್ಲುತ್ತದೆ. ಐಲ್ಸಾ ಕಂಟ್ರೋಲರಿನಲ್ಲಿ ಒಂದೊಂದೇ ಅಂಕಿ ಇಳಿಸುತ್ತ, ಚಕ್ರ ಬಿಗಿದು ರಸ್ತೆಗೆ ಉಜ್ಜಿಕೊಂಡು ಹೋಗದೆ ಗಟ್ಟಿಯಾಗಿ ಹಿಡಿಯುವ ಕಡೆ ನಿಲ್ಲಿಸುತ್ತಾರೆ.

"ಘಟ್ಟ ಇಳಿದು ಬೆಂಬೋಕ ಮುಟ್ಟಿದ ಮೇಲೆ ಒಂದು ಫೋನ್ ಮಾಡಿ. ಮರೀಬೇಡಿ," ಎನ್ನುತ್ತಾರೆ. ಇದನ್ನು ಅವರು ಎಲ್ಲರಿಗೂ ಹೇಳುತ್ತಾರೆ.

ಒಂಬತ್ತೂಮುಕ್ಕಾಲಿಗೆ ಫೋನು ಬರುತ್ತದೆ. ಪೆಟ್ರಾ ಅವರ ದನಿ: "ಇಳಿದ್ವಿ ಕಣ್ರೀ. ಕಾಂಗರೂ ಅಡ್ಡ ಬಂತು, ತಿರುವಿನಲ್ಲೇ. ನೇರವಾಗಿ ನಿಂತ್ವಿ, ಗಾಡಿಯೊಳಗಿನ ಟೀ ಕಪ್ಪು ಕೂಡ ಉರುಳ್ಲಿಲ್ಲ. ಇವರು ಬೇಕರೀಲಿ ಬಿಸಿ ಪೈ ತಿಂತಿದಾರೆ. ಏನೋ ಹೇಳ್ಬೇಕಂತೆ, ತಗೊಳ್ಳಿ."

ಫೋನು ಕೈ ಬದಲಾಗುತ್ತದೆ. ಆಮೇಲೆ ರಾಸ್: "ಐಲ್ಸಾ ಅವರೇ, ಆ ಬೋಲ್ಟು ಎಷ್ಟು ದಿನಕ್ಕೊಮ್ಮೆ ನೋಡ್ಬೇಕು?"

"ವರ್ಷಕ್ಕೊಮ್ಮೆ. ನೀವೇ ನೋಡ್ಬೋದು. ಬಗ್ಗೋಕೆ ಬಂದ್ರೆ ಸಾಕು."

ಈ ಮಾತು ಅವರ ಈಚಿನ ಕೆಲಸಕ್ಕೂ ಸಲ್ಲುತ್ತದೆ. ಎರಡು ವರ್ಷದಿಂದ ತಿಂಗಳಿಗೊಂದು ಶನಿವಾರ ಊರ ಸಭಾಂಗಣದ ಹಿಂದೆ ಐಲ್ಸಾ ಪಾಠ ಮಾಡುತ್ತಿದ್ದಾರೆ. ಕುದುರೆ ಸಾಕುವ ಹೆಂಗಸರು, ನಿವೃತ್ತರು, ದೋಣಿಯ ಮೋಹದ ಒಬ್ಬ ಪಾದ್ರಿ ಹೀಗೆ ಇದುವರೆಗೆ ಎಪ್ಪತ್ತು ಮಂದಿ ನೆಲದ ಮೇಲೆ ಮಲಗಿ, ಡ್ರಮ್ಮಿಗೆ ಕೈಯಿಟ್ಟು ಕಲಿತಿದ್ದಾರೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಅವರು ಕಳೆದ ತಿಂಗಳ ಒಂದು ಫೋನಿನ ಮಾತು ತೆಗೆಯುತ್ತಾರೆ.

"ಇಶಬೆಲ್ ಅಂತ, ಟುಮುಟ್ ಕಡೆಯೋಳು, ನನ್ನ ಪಾಠಕ್ಕೆ ಬಂದಿದ್ಲು. ಕುದುರೆ ಕರ್ಕೊಂಡು ಹೊರಟಿದ್ಲು. ನಾನು ಫೋನ್ ಎತ್ತಿದ ಕೂಡ್ಲೇ ಏನ್ ಕೆಟ್ಟಿದೆ ಅಂತ ಕೇಳ್ದೆ. 'ಏನೂ ಇಲ್ಲ. ಬಲಗಡೆ ಹಿಂದಿನ ಚಕ್ರದ ಬ್ರೇಕು ಸತ್ತಿತ್ತು, ನಾನೇ ಹುಡುಕ್ದೆ, ನಾನೇ ಸರಿಮಾಡ್ದೆ, ಸುಮ್ನೆ ಹೇಳೋಣ ಅಂತ ಫೋನ್ ಮಾಡ್ದೆ' ಅಂದ್ಲು." ಐಲ್ಸಾ ಕೈಗಳನ್ನು ಚಿಂದಿಯಲ್ಲಿ ನಿಧಾನವಾಗಿ ಒರೆಸಿಕೊಳ್ಳುತ್ತಾರೆ. "ಅಂಥ ಫೋನು ವಾರಕ್ಕೊಂದು ಬಂದ್ರೆ ಸಾಕು ನಂಗೆ. ದಿನಾ ನಾನು ಗಾಡಿ ಅಡೀಲಿರುವಾಗ ಟೀ ತಣ್ಣಗಾಗ್ಹೋಗುತ್ತೆ. ಅವತ್ತು ಕೂತ್ಕೊಂಡು ಟೀ ಬಿಸಿಯಿರುವಾಗ್ಲೇ ಕುಡಿದೆ."