ಮೊದಲ ಮೊಣಕಾಲ, ಆಮ್ಯಾಲೆ ಗಾಡಿ

"ಬಿಡ್ರಿ," ಎನ್ನುತ್ತಾರೆ ಮುಮ್ತಾಜ.

"ಬಿದ್ದೀತ್ರಿ," ಎನ್ನುತ್ತಾರೆ ಸುಜಾತಾ.

"ಬೀಳ್ಲಿ ಅಂತನ ಬಿಡ್ರಿ ಅನ್ನಾಕತ್ತೇನ್ರಿ, ಬಾಯಾರ."

ಮೂಡಲಗಿಯ ಸಂತೆ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಬ್ಬು ನುರಿಸುವ ಹಂಗಾಮು. ದೂರದ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆ ಕಡೆ ಹೊರಟಿವೆ. ಬಯಲಿನ ನಡುವೆ ಸುಜಾತಾ ಒಂದು ಎಲೆಕ್ಟ್ರಿಕ್ ಬೈಕನ್ನು ಎರಡೂ ಕೈಯಿಂದ ಅವುಚಿ ಹಿಡಿದು ನಿಂತಿದ್ದಾರೆ. ಅವರು ಮೇಲವಂಕಿ ಕಡೆಯ ಆರೋಗ್ಯ ಉಪಕೇಂದ್ರಕ್ಕೆ ಹೊಸದಾಗಿ ಬಂದ ನರ್ಸ್. ಬಸ್ಸು ಹೋಗದ ತೋಟದ ಮನೆಗಳಿಗೆ ಲಸಿಕೆ ಡಬ್ಬಿ ಒಯ್ಯಬೇಕು, ಅದಕ್ಕೆ ಗಾಡಿ ಕಲಿಯಬೇಕು. ಕಲಿಸುವ ಮುಮ್ತಾಜ ಮಾತ್ರ ಅವರನ್ನು ಇನ್ನೂ ಗಾಡಿ ಹತ್ತಿಸಿಲ್ಲ. ನಿಂತ ಗಾಡಿಯನ್ನು ನಿಂತಲ್ಲೇ ಕೆಡವಿ ಎಂದು ಹಟ ಹಿಡಿದಿದ್ದಾರೆ.

ಸುಜಾತಾ ಕಣ್ಣು ಮುಚ್ಚಿ ಕೈ ಬಿಡುತ್ತಾರೆ. ಗಾಡಿ ಧಪ್ಪನೆ ಮಗ್ಗುಲಾಗುತ್ತದೆ. ಮರುಗಳಿಗೆಯೇ ಅವರು ಬಗ್ಗಿ, ಎಲ್ಲಿ ಏನು ಮುರಿಯಿತೋ ಎಂದು ತಡಕಾಡತೊಡಗುತ್ತಾರೆ. ಮುಮ್ತಾಜ ಅವರ ಮೊಣಕೈ ಹಿಡಿದು ಹಿಂದಕ್ಕೆ ಎಳೆಯುತ್ತಾರೆ.

"ಅಲ್ಲೇನ ನೋಡ್ತೀರಿ? ಮೊದಲ ಮೊಣಕಾಲ ನೋಡ್ಕೋರಿ. ಆಮ್ಯಾಲೆ ಗಾಡಿ."

"ನನಗೇನಾಗಿಲ್ರಿ ಅಕ್ಕಾರ."

"ಹಂಗ ಅನ್ನೂದ ಬಿಡಸಾಕನ ಈ ಪಾಠ ಇಟ್ಟೇನಿ."

ಈ ಸುತ್ತಿನ ಊರುಗಳಲ್ಲಿ ಗಾಡಿ ಅಂದರೆ ಸಣ್ಣ ಮಾತಲ್ಲ. ಕೊಂಡ ದಿನ ಹಾರ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ದೃಷ್ಟಿಗೆ ಕರಿ ದಾರ ಕಟ್ಟಿ ಮನೆಗೆ ತರುತ್ತಾರೆ. ಮನೆಯ ಗಂಡಸಿನ ಗಾಡಿಯ ಮೇಲೆ ಹೆಂಗಸು ಕಲಿಯುವುದೆಂದರೆ, ಅದು ಗೀರಿಲ್ಲದೆ ಮರಳಬೇಕು ಎಂಬ ಷರತ್ತಿನ ಮೇಲೇ. ಹಾಗಾಗಿ ಇಲ್ಲಿ ಕಲಿಯುವ ಹೆಂಗಸರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಗಾಡಿ ವಾಲಿದರೆ ಕೈ ಬಿಡುವುದಿಲ್ಲ, ತಾವು ಅಡಿಯಾದರೂ ಸರಿ, ಅದನ್ನು ಉಳಿಸಲು ಹೋಗುತ್ತಾರೆ. ಬಿದ್ದ ಮೇಲೂ ಅವರ ಕಣ್ಣು ಮೊದಲು ಹೋಗುವುದು ಗಾಡಿಯ ಕಡೆಗೆ. ಮೊಣಕಾಲಿನ ರಕ್ತ ಸೀರೆಗೆ ಅಂಟಿದ ಮೇಲೆಯೇ ಅವರಿಗೆ ತಮಗೂ ಒಂದು ಮೈ ಇದೆ ಎನ್ನುವುದು ನೆನಪಾಗುವುದು.

ಮುಮ್ತಾಜ ಮೊದಲು ಕುಪ್ಪಸ ಹೊಲಿಯುತ್ತಿದ್ದರು. ಗಂಡ ಮಲಿಕಸಾಬ ಬಸ್ ನಿಲ್ದಾಣದ ಬಾಜೂ ಪೆಟ್ರೋಲ್ ಗಾಡಿ ರಿಪೇರಿ ಮಾಡುತ್ತಾರೆ. ಕೈಗೆ ಗ್ರೀಸು ಹತ್ತದ ದಿನ ಅವರಿಗೆ ಊಟ ರುಚಿಸುವುದಿಲ್ಲ ಎಂದು ಹೆಂಡತಿಯ ದೂರು. ಇಂಥ ಮನೆಗೆ ಕರೆಂಟ್ ಗಾಡಿ ಬಂದದ್ದೇ ಒಂದು ಮಜಾ ಪ್ರಸಂಗ.

ಗಾಡಿಯ ಮೊದಲ ಯಜಮಾನ ಹುಕ್ಕೇರಿಯ ಗುರುಪಾದ, ಗೊಬ್ಬರದ ಅಂಗಡಿಯವರು. ಪೂಜೆಯ ದಿನ ನಾಲ್ಕು ಮಂದಿಯ ಮುಂದೆ ಗಾಡಿ ಏರಿ ಚಾವಿ ತಿರುವಿದರು. ಸದ್ದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಜೀವ ಸವೆಸಿದ ಮನುಷ್ಯ, ಚಾಲೂ ಆಗಿಯೇ ಇಲ್ಲ ಎಂದುಕೊಂಡು ಹಿಡಿಕೆಯನ್ನು ಪೂರ್ತಿ ಹಿಂಡಿಬಿಟ್ಟರು. ಗಾಡಿ ಲಿಂಬೆಹಣ್ಣು ಅರೆದುಕೊಂಡು ನೇರ ಅಂಗಡಿಯೊಳಗೆ ನುಗ್ಗಿ, ಗುರುಪಾದರನ್ನು ಅವರದೇ ಯೂರಿಯಾ ಚೀಲಗಳ ಮೇಲೆ ಮಲಗಿಸಿತು. ಗಾಡಿಗೆ ಹೋದದ್ದು ಒಂದು ಕನ್ನಡಿ. ಗುರುಪಾದರಿಗೆ ಹೋದದ್ದು ಊರಲ್ಲಿ ತಲೆ ಎತ್ತಿ ತಿರುಗುವ ಮುಖ. ಬಂದ ಬೆಲೆಗೆ ಅದನ್ನು ಮಲಿಕಸಾಬರಿಗೆ ದಾಟಿಸಿ ಕೈ ತೊಳೆದುಕೊಂಡರು.

ಬಿಚ್ಚಿ ಬಿಡಿಭಾಗ ಮಾರಬೇಕು ಎಂದು ತಂದ ಮಲಿಕಸಾಬ, ಅದರ ಮುಂದೆ ಕೂತು ಪೆಚ್ಚಾದರು. ಎಣ್ಣೆ ಇಲ್ಲ, ಗೇರಿಲ್ಲ, ಕ್ಲಚ್ಚಿಲ್ಲ, ಕಾರ್ಬೊರೇಟರಂತೂ ಇಲ್ಲವೇ ಇಲ್ಲ. "ಇದು ಗಾಡೀನೋ ಮಿಕ್ಸರೋ?" ಎಂದು ಬಿಟ್ಟು ಎದ್ದರು. ಹಾಗೆ ಮೂಲೆ ಸೇರಿದ್ದನ್ನು ಮುಮ್ತಾಜ ಒಂದು ಬೆಳಿಗ್ಗೆ ಹೊರಗೆ ತಳ್ಳಿಕೊಂಡು ಬಂದರು, ತಾವೇ ಬಿದ್ದೂ ಎದ್ದೂ ಕಲಿತರು.

ಆಮೇಲೆ ಅಕ್ಕನ ಮಗಳು ಫರೀನಾಳಿಗೆ ಕಲಿಸಲು ಹೊರಟರು. ಗೋಕಾಕದ ಕಾಲೇಜಿಗೆ ಹೋಗುವ ಹುಡುಗಿ. ತಿರುವಿನಲ್ಲಿ ಗಾಡಿ ವಾಲಿತು, ಹುಡುಗಿ ಬಿಡಲಿಲ್ಲ. ಮಣಿಕಟ್ಟು ಮುರಿಯಿತು, ಗಾಡಿಗೆ ಒಂದು ಗೀರೂ ಇಲ್ಲ. ಸುದ್ದಿ ಕೇಳಿ ಅಂಗಡಿಯಿಂದ ಓಡಿಬಂದ ಮಲಿಕಸಾಬರ ಬಾಯಿಂದ ಬಂದ ಮೊದಲ ಮಾತು, "ಗಾಡಿಗೇನಾತು?" ಕೈ ಹಿಡಿದುಕೊಂಡು ಕೂತಿದ್ದ ಫರೀನಾ, "ಏನೂ ಆಗಿಲ್ಲ ಕಾಕಾ," ಎಂದಳು.

"ಮನಷ್ಯಾ ಕೆಟ್ಟಾಂವಲ್ರಿ," ಎನ್ನುತ್ತಾರೆ ಮುಮ್ತಾಜ. "ದಿನಾ ಗಾಡಿ ನೋಡಾಂವ, ಬಾಯಾಗ ಅದ ಬಂತು. ಖರೆ, ಆ ಹುಡುಗಿ ಏನೂ ಆಗಿಲ್ಲ ಅಂದ್ಲಲ್ಲಾ, ಅದು ನನಗ ಭಾಳ ಹತ್ತಿತ್ರಿ. ಎಂಟ ದಿನ ನಾ ಇವ್ರ ಜೋಡಿ ಮಾತಾಡ್ಲಿಲ್ಲ. ರೊಟ್ಟಿ ಹಾಕ್ತಿದ್ನಿ, ಮಾರಿ ನೋಡ್ತಿದ್ದಿಲ್ಲ."

ಎಂಟು ದಿನದ ಸಿಟ್ಟು ಇಳಿಯುವ ಹೊತ್ತಿಗೆ ಪಾಠದ ಪದ್ಧತಿ ತಯಾರಾಗಿತ್ತು. ಮೊದಲ ದಿನ ಯಾರೂ ಗಾಡಿ ಹತ್ತುವಂತಿಲ್ಲ, ಕೆಡವಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕೈ ತಾನಾಗಿ ಬಿಡುವವರೆಗೆ. ಕೆಡವಿ ಹಿಂದೆ ಸರಿಯಬೇಕು. ಮೊಣಕಾಲು, ಅಂಗೈ ನೋಡಿಕೊಳ್ಳಬೇಕು. ಆಮೇಲೆ ಚಾವಿ ಬಂದ್ ಮಾಡಬೇಕು, ಯಾಕೆಂದರೆ ಸದ್ದಿಲ್ಲದ ಗಾಡಿ ಬಿದ್ದಲ್ಲೂ ಎಚ್ಚರ ಇರಬಹುದು. ಎಬ್ಬಿಸುವಾಗ ಹಿಡಿಕೆ ಹಿಂಡಿದರೆ ಗುರುಪಾದರ ಗತಿಯೇ. ಕೊನೆಗೆ ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಗಾಡಿ ಎಬ್ಬಿಸಬೇಕು.

ಇಷ್ಟು ಪೆಟ್ಟು ತಿಂದೂ ಗಾಡಿ ಉಳಿದಿದೆಯೇ ಎಂದರೆ, ಉಳಿದಿದೆ. ಚಂದ ಮಾತ್ರ ಉಳಿದಿಲ್ಲ. ಕನ್ನಡಿಗಳು ಎಂದೋ ಹೋದವು. ಇಂಡಿಕೇಟರಿಗೆ ಸುತ್ತಿದ ಟೇಪೇ ಇಂಡಿಕೇಟರಿಗಿಂತ ದಪ್ಪ. ಬ್ರೇಕಿನ ಹಿಡಿಕೆ ಸೊಟ್ಟಗಾಗಿ ಬೆರಳಿಗೆ ಇನ್ನೂ ಹತ್ತಿರ ಬಂದಿದೆ, ಸಣ್ಣ ಕೈಯವರಿಗೆ ಅದೇ ಅನುಕೂಲ. ಮಲಿಕಸಾಬ ಎರಡೂ ಮಗ್ಗುಲಿಗೆ ಕಬ್ಬಿಣದ ಕೊಳವೆ ಬೆಸೆದು ಹಳೆಯ ಟೈರಿನ ತುಂಡು ಕಟ್ಟಿದ್ದಾರೆ. ಬಿದ್ದರೆ ಪೆಟ್ರೋಲ್ ಚೆಲ್ಲುವುದಿಲ್ಲ, ಕಾಲು ಸುಡುವ ಸೈಲೆನ್ಸರ್ ಇಲ್ಲ, ಬಾಗಿಹೋಗಲು ಗೇರಿನ ಪೆಡಲೂ ಇಲ್ಲ.

"ಎಲ್ಲಾ ಕರೆಂಟ್ ಗಾಡೀನೂ ಹಿಂಗ ತಡೀತಾವು ಅಂತ ನಾ ಹೇಳೂದಿಲ್ರಿ," ಎನ್ನುತ್ತಾರೆ ಮಲಿಕಸಾಬ. "ಬಾಜೂಕ ಬಿದ್ರ ಇದಕ್ಕ ಏನೂ ಆಗಾಂಗಿಲ್ಲ. ಹೊಟ್ಟಿಗೆ ಮಾತ್ರ ಕಲ್ಲ ಬಡೀಬಾರ್ದು. ಅಲ್ಲೇ ಬ್ಯಾಟ್ರಿ ಐತಿ. ಅದು ಸೀಳಿದ್ರ ನನ್ನ ಕೈಲಿ ಆಗೂದಿಲ್ಲ, ಮೂಡಲಗ್ಯಾಗ ಯಾರ ಕೈಲೂ ಆಗೂದಿಲ್ಲ."

ಹೊಸ ಬ್ಯಾಟರಿ ಎಂದರೆ ಹೆಚ್ಚುಕಡಿಮೆ ಹೊಸ ಗಾಡಿಯೇ. ಅಷ್ಟು ದುಡ್ಡು ಈ ಮನೆಯಲ್ಲಿಲ್ಲ. ಹೊಟ್ಟೆ ಸೀಳಿದ ದಿನ ಸಂತೆ ಬಯಲಿನ ಪಾಠವೂ ಮುಗಿಯುತ್ತದೆ. ಕೆಡವಲು ತಮ್ಮ ಗಾಡಿಯನ್ನು ಬೇರೆ ಯಾರು ತಾನೇ ಕೊಡುತ್ತಾರೆ? ಇದು ಮುಮ್ತಾಜರಿಗೆ ಗೊತ್ತು. ಗಾಡಿಯ ಬಗ್ಗೆ ಹೆದರಬೇಡಿ ಎಂದು ಊರಿಗೆಲ್ಲ ಹೇಳುವ ಹೆಂಗಸು ಒಳಗೊಳಗೇ ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ. ಮನೆ ಸೇರಿದ ಮೇಲೆ, ಯಾರೂ ನೋಡದಾಗ, ಬಗ್ಗಿ ಅದರ ಹೊಟ್ಟೆ ಸವರುತ್ತಾರೆ.

ಟೀಕೆಗೇನೂ ಬರವಿಲ್ಲ. ಚಹಾದ ಅಂಗಡಿಯ ಕಟ್ಟೆಯಲ್ಲಿ ಸಾತಪ್ಪ ಎಂಬ ಹಿರಿಯರು ದಿನವೂ ಕೇಳುತ್ತಾರೆ, "ಏನವಾ, ಗಾಡಿ ಹೊಡ್ಯಾಕ ಕಲಸ್ತೀಯೋ, ಬೀಳಾಕ ಕಲಸ್ತೀಯೋ?" ಮುಮ್ತಾಜರ ಉತ್ತರವೂ ದಿನವೂ ಅದೇ, "ಹೊಡ್ಯಾಕ ಗಾಡೀನ ಕಲಸ್ತೈತ್ರಿ, ನಾ ಬರೇ ಬೀಳಾಕ ಕಲಸ್ತೇನಿ." ಹೋದ ತಿಂಗಳು ಅದೇ ಸಾತಪ್ಪ ತಮ್ಮ ಸೊಸೆ ಮೇಘಾಳನ್ನು ಕರೆತಂದು ಬಿಟ್ಟು ಹೋಗಿದ್ದಾರೆ. ಪ್ರಶ್ನೆ ಮಾತ್ರ ನಿಲ್ಲಿಸಿಲ್ಲ.

ಸುಜಾತಾ ಕೆಡವುವುದನ್ನು ಕಲಿತ ಮೇಲೆ ಓಡಿಸುವುದು ಬೇಗ ಬಂತು. ವಾರ ಕಳೆದು, ತೋಟದ ದಾರಿಯ ತಿರುವು ತೋರಿಸಲು ಮುಮ್ತಾಜ ಅವರನ್ನು ಹಿಂದೆ ಕೂರಿಸಿಕೊಂಡು ತಾವೇ ಹೊರಟಿದ್ದಾರೆ. ಕಾಲುವೆಯ ಬದಿಯ ಹಾದಿ. ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಒಣ ಗರಿ, ಇಲ್ಲಿಯವರ ರವದಿ, ಮಂಜಿಗೆ ನೆನೆದು ಬಿದ್ದಿದೆ. ಮುಂದೆ ಒಂದು ಎಮ್ಮೆ. ಸದ್ದಿಲ್ಲದ ಗಾಡಿಗೆ ಎಮ್ಮೆಗಳು ದಾರಿ ಬಿಡುವುದಿಲ್ಲ. ಹಾರನ್ ಹೊಡೆಯುವಷ್ಟರಲ್ಲಿ ಅದು ಅಡ್ಡ ತಿರುಗುತ್ತದೆ. ಮುಮ್ತಾಜ ಬ್ರೇಕ್ ಹಿಡಿಯುತ್ತಾರೆ, ಗಾಲಿ ರವದಿಯ ಮೇಲೆ ಜಾರುತ್ತದೆ, ಇಬ್ಬರೂ ಹುಲ್ಲಿನ ಮೇಲೆ ಬೀಳುತ್ತಾರೆ. ಗಾಡಿ ಮಾತ್ರ ಮುಂದೆ ಸರಿದು ಕಾಲುವೆಯ ಕಟ್ಟೆಗಲ್ಲನ್ನು ಹೊಟ್ಟೆಯಿಂದ ಹತ್ತಿ, ಕಟ್ ಎಂದು ನಿಲ್ಲುತ್ತದೆ.

ಆ ಸದ್ದು ಮುಮ್ತಾಜರಿಗೆ ಸಾಕು. ಅಂಬೆಗಾಲಿನಲ್ಲೇ ಗಾಡಿಯ ಬಳಿ ಹೋಗಿ ಕೈ ಒಳಗೆ ಹಾಕುತ್ತಾರೆ. "ಯಾ ಅಲ್ಲಾ, ಏನಾತೋ ಇದಕ್ಕ," ಎನ್ನುತ್ತ ತಡಕಾಡುತ್ತಾರೆ.

ಹಿಂದಿನಿಂದ ಸುಜಾತಾ ಕರೆಯುತ್ತಾರೆ. ಅವರು ಬಿದ್ದಲ್ಲೇ ಎದ್ದು ಕೂತು, ಅಂಗೈ ನೋಡಿಕೊಂಡು, ಮೊಣಕಾಲು ನೋಡಿಕೊಂಡು, ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಾರೆ.

"ಅಕ್ಕಾರ, ಮೊದಲ ಮೊಣಕಾಲ."

ಮುಮ್ತಾಜ ತಿರುಗಿ ನೋಡುತ್ತಾರೆ. ಆಮೇಲೆ ಕೆಳಗೆ ನೋಡಿಕೊಳ್ಳುತ್ತಾರೆ. ಸಲವಾರ ಹರಿದಿದೆ, ಮೊಣಕಾಲಿನಿಂದ ರಕ್ತ ಇಳಿದು ಚಪ್ಪಲಿಗೆ ಬಂದಿದೆ. ಅವರು ಅಲ್ಲೇ ಕುಸಿದು ಕೂರುತ್ತಾರೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು ಸುಜಾತಾರ ದಿನದ ಕೆಲಸ. ಚೀಲ ತೆಗೆದು ಮಾಡತೊಡಗುತ್ತಾರೆ. ಔಷಧ ಉರಿದಾಗ ಮುಮ್ತಾಜ ಅಳುತ್ತಾರೆ. ಉರಿಗೋ ಗಾಡಿಗೋ, ಅವರಿಗೇ ಹೇಳಲು ಬರುವುದಿಲ್ಲ.

ಪಟ್ಟಿ ಕಟ್ಟುತ್ತಲೇ ಸುಜಾತಾ ಮಲಿಕಸಾಬರಿಗೆ ಫೋನ್ ಮಾಡುತ್ತಾರೆ. ಈ ಕಡೆಯ ಮಾತಷ್ಟೇ ಕೇಳುತ್ತದೆ. "ಹೂಂ ರಿ, ಇಲ್ಲೇ ಕುಂತಾರ್ರಿ... ಮೊಣಕಾಲ ತರಚೈತ್ರಿ, ಎಲುಬಿಗೇನೂ ಆಗಿಲ್ಲ... ನಡೀತಾರ್ರಿ... ಗಾಡೀ? ಅದೂ ಇಲ್ಲೇ ಐತ್ರಿ."

ಮಲಿಕಸಾಬ ಬಂದು, ಹೆಂಡತಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ನಂತರ ಗಾಡಿಯ ಪಕ್ಕ ಅಂಗಾತ ಮಲಗುತ್ತಾರೆ. ಹೊಟ್ಟೆಯ ತಗಡು ಒಳಕ್ಕೆ ಹೋಗಿದೆ. ಸೀಳಿದೆಯೋ ಇಲ್ಲವೋ ತಿಳಿಯುವುದಿಲ್ಲ. ಜ್ವರದ ಕೂಸಿನ ಹಣೆ ಮುಟ್ಟುವಂತೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ, ಮೂಗು ಹಚ್ಚಿ ವಾಸನೆ ನೋಡುತ್ತಾರೆ. "ಇವತ್ತ ಚಾರ್ಜಿಗೆ ಹಚ್ಚೂದ ಬ್ಯಾಡ. ಬ್ಯಾಟ್ರಿ ಒಳಗ ನೊಂದಿದ್ರ ಆಮ್ಯಾಲೆ ಯಾವಾಗರೆ ಬೆಂಕಿ ಹತ್ತತೈತಿ. ಮನ್ಯಾಗೂ ಬ್ಯಾಡ, ಬಯಲಾಗ ನಿಲ್ಲಸೂಣು," ಎನ್ನುತ್ತಾರೆ. ಅಂದಿನ ಹಗಲೆಲ್ಲ ಗಾಡಿ ಸಂತೆ ಬಯಲಿನ ಬೇವಿನ ಮರದಡಿ ಒಂಟಿಯಾಗಿ ನಿಂತಿರುತ್ತದೆ. ಮುಮ್ತಾಜ ಹೊಲಿಗೆ ಯಂತ್ರದ ಮುಂದೆ ಕೂತು ಕುಪ್ಪಸದ ಒಂದೇ ತೋಳನ್ನು ಹೊಲಿದು ಬಿಚ್ಚುತ್ತಾರೆ, ಮತ್ತೆ ಹೊಲಿಯುತ್ತಾರೆ.

ಮರುದಿನ ನಸುಕಿನಲ್ಲಿ ಬಯಲಿಗೆ ಎಲ್ಲರೂ ಬಂದಿದ್ದಾರೆ: ಮೇಘಾ, ಫರೀನಾ, ಸುಜಾತಾ. ಸಾತಪ್ಪನವರೂ ಚಹಾದ ಕಪ್ಪು ಹಿಡಿದೇ ಬಂದಿದ್ದಾರೆ. ಮಲಿಕಸಾಬ ತಗಡು ಬಿಚ್ಚಿ ಬ್ಯಾಟರಿಯನ್ನು ಸುತ್ತಲೂ ನೋಡುತ್ತಾರೆ. ಉಬ್ಬಿಲ್ಲ, ಸೀಳಿಲ್ಲ, ಬಿಸಿಯಿಲ್ಲ. ಚಾವಿ ಹೆಂಡತಿಯ ಕೈಗೆ ಕೊಡುತ್ತಾರೆ. ಮುಮ್ತಾಜ ತಿರುವುತ್ತಾರೆ. ಸದ್ದು ಹೇಗೂ ಬರುವುದಿಲ್ಲ, ಬದುಕಿದೆಯೋ ಇಲ್ಲವೋ ಎಂದು ಹೇಳುವುದು ಮುಂದಿನ ದೀಪವೊಂದೇ. ಅದು ಒಮ್ಮೆ ಮಿಣುಕಿ, ಬೇವಿನ ಬೊಡ್ಡೆಯ ಮೇಲೆ ಬಿಳಿ ಬೆಳಕು ಚೆಲ್ಲುತ್ತದೆ. ಸಾತಪ್ಪ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಇನ್ನೊಂದು ಗಾಡಿ ಇದ್ದರೆ ಆದೀತಲ್ಲ ಎಂದರೆ ಮುಮ್ತಾಜ ನಗುತ್ತಾರೆ. "ಯಾರರೆ ಕೊಟ್ರ ಒಲ್ಲೆ ಅನ್ನೂದಿಲ್ರಿ. ಖರೆ, ನನ್ನ ಆಸೆ ಬ್ಯಾರೆ ಐತಿ. ನನ್ನ ಕೈಯಾಗ ಕಲತಾಕಿ ಎಲ್ಲರೆ ಬಿದ್ದು ಮನಿಗೆ ಹೋದ್ರ, ಗಾಡಿ ಹೆಂಗೈತಿ ಅಂತ ಕೇಳೂಕಿಂತ ಮೊದಲ, ನೀ ಹೆಂಗದಿ ಅಂತ ಮನ್ಯಾಗಿನವ್ರು ಕೇಳ್ಬೇಕು. ಅಷ್ಟ."

ಪಟ್ಟಿ ಕಟ್ಟಿದ ಕಾಲನ್ನು ಚಾಚಿ ಕೂತಿದ್ದಾರೆ. ತುಸು ದೂರದಲ್ಲಿ ಮಲಿಕಸಾಬ ತಗಡಿನ ತಗ್ಗನ್ನು ಸುತ್ತಿಗೆಯಿಂದ ಬಡಿದು ಸರಿ ಮಾಡುತ್ತಿದ್ದಾರೆ. ಮುಮ್ತಾಜ ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳುತ್ತಾರೆ:

"ನಮ್ಮ ಮನ್ಯಾಗ ನಿನ್ನೆ ಕೇಳಿದ್ರು."